ನಮ್ಮ ಮನೆಯವರೂ ಪೊಲೀಸ್ ಸೀಟಿಯೂ

ಸ್ವಾತಂತ್ರ್ಯ ಬಂತು, ಬಿಳಿಯರು ಹೋದರು. ನಮ್ಮ ಮನೆಯವರ ಮೈಯಿಂದ ಜೈಲು ಮಾತ್ರ ಹೋಗಲಿಲ್ಲ. ನಲವತ್ತೆರಡರ ಚಳವಳಿಯಲ್ಲಿ ಲಾಠಿ ಏಟು ತಿಂದು, ಜೈಲಲ್ಲಿ ಕೂತು ಬಂದ ಮೇಷ್ಟ್ರು ಅವರು. ಆಮೇಲೆ ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಒಂದಲ್ಲ ಒಂದು ಫಜೀತಿ ಇದ್ದೇ ಇರುತ್ತಿತ್ತು.

ಬಚ್ಚಲಲ್ಲಿ ಗಂಟೆ

ಬಾಗಿಲಿಗೆ ಚಿಲಕ ಹಾಕಿದರೆ ಅವರಿಗೆ ಉಸಿರು ಕಟ್ಟುತ್ತಿತ್ತು. ಸ್ನಾನಕ್ಕೂ ಚಿಲಕ ಇಲ್ಲ! ವಠಾರಕ್ಕೆಲ್ಲ ಒಂದೇ ಬಚ್ಚಲು. ಯಾರಾದರೂ ನುಗ್ಗಿಯಾರು ಅಂತ ಒಳಗಿನಿಂದ ಗಟ್ಟಿಯಾಗಿ ದೇವರನಾಮ ಹೇಳುತ್ತಿದ್ದರು. ಒಂದು ದಿನ ಗಂಟಲು ಕಟ್ಟಿತು. ಪುಣ್ಯಾತ್ಮರು ದೇವರಮನೆ ಗಂಟೆ ತಗೊಂಡು ಹೋಗಿ, ಒಂದು ಕೈಲಿ ಬಾರಿಸುತ್ತಾ ಇನ್ನೊಂದು ಕೈಲಿ ನೀರು ಹುಯ್ದುಕೊಂಡರು. ಮಾವಳ್ಳಿಯಿಂದ ಪಕ್ಕದ ಮನೆಗೆ ಬಂದಿದ್ದ ಅಜ್ಜಿ ಬಚ್ಚಲ ಮುಂದೆ ಕೈಮುಗಿದು ನಿಂತು, "ತಾಯಿ, ಇಲ್ಲಿ ತೀರ್ಥ ಯಾವಾಗ ಕೊಡ್ತಾರೆ?" ಅಂತ ನನ್ನನ್ನು ಕೇಳಬೇಕೇ!

ಸೀರೆ ರಾಶಿ

ಪೊಲೀಸ್ ಸೀಟಿ ಕೇಳಿದರಂತೂ ಮುಗಿಯಿತು, ಸಿಕ್ಕಿದ ಕಡೆ ನುಸುಳಿಬಿಡುತ್ತಿದ್ದರು. ಒಮ್ಮೆ ಸೀರೆ ಅಂಗಡಿಯಲ್ಲಿ ಕೂತಿದ್ದೆವು. ಹೊರಗೆ ಪೊಲೀಸಿನವನು ಜಟಕಾ ನಿಲ್ಲಿಸೋಕೆ ಸೀಟಿ ಊದಿದ. ತಿರುಗಿ ನೋಡ್ತೀನಿ, ನಮ್ಮ ಯಜಮಾನರು ಸೀರೆ ರಾಶಿಯೊಳಗೆ! ಅಂಗಡಿಯವರು ಗಾಬರಿಯಾಗಿ, "ಸ್ವಾಮಿ, ಸೆರಗು ನಾವೇ ಬಿಚ್ಚಿ ತೋರಿಸ್ತೀವಿ, ನೀವ್ಯಾಕೆ ಒಳಗೆ ಹೋಗ್ತೀರಿ?" ಅಂದರು. ನಾಚಿಕೆಗೆ ಒಂದರ ಬದಲು ಎರಡು ಸೀರೆ ಕೊಂಡೆವು. ನನಗೇನೂ ಬೇಜಾರಾಗಲಿಲ್ಲ ಬಿಡಿ.

ಹೆಣ್ಣು ನೋಡೋ ಶಾಸ್ತ್ರ

ಮಗಳು ವೈಯಾಲಿಕಾವಲಿನ ಹುಡುಗನೊಬ್ಬನನ್ನು ಮೆಚ್ಚಿದಳು. ಹುಡುಗನ ಅಪ್ಪ ರಿಟೈರಾದ ಪೊಲೀಸ್ ಇನ್ಸ್‌ಪೆಕ್ಟರು!

"ಪೊಲೀಸರ ಮನೆಗೆ ಹೆಣ್ಣು ಕೊಡೋದೇ? ಸಾಧ್ಯವೇ ಇಲ್ಲ" ಅಂದರು ಇವರು. ಮಗಳು ಊಟ ಬಿಟ್ಟಳು. ಕೊನೆಗೆ, "ಬರಲಿ, ಬಾಗಿಲು ಮಾತ್ರ ತೆಗೆದಿರಲಿ" ಅಂತ ಒಪ್ಪಿದರು.

ಬಂದರು. ಹುಡುಗ, ಅವನ ಅಪ್ಪ, ಅಮ್ಮ ಮೂವರಿಗೂ ಉಪ್ಪಿಟ್ಟು, ಕೇಸರಿಭಾತು ಆಯಿತು. ಅಪ್ಪಂದಿರಿಬ್ಬರೂ ಮಂಚದ ಆ ತುದಿ ಈ ತುದಿ ಕೂತು ತುಟಿ ಬಿಚ್ಚಲಿಲ್ಲ. ಮಗಳು ಬಾಗಿಲ ಸಂದಿಯಲ್ಲಿ ಅಳೋ ಹಾಗಿದ್ದಳು. ಸಂಬಂಧ ಕೆಟ್ಟೇ ಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಬೀದಿಯಲ್ಲಿ ಸ್ಕೂಲ್ ಮಕ್ಕಳ ಮೆರವಣಿಗೆ ಬಂತು. ಡ್ರಿಲ್ ಮೇಷ್ಟ್ರು ಸೀಟಿ ಊದಿದರು, ಮಕ್ಕಳು "ಭಾರತ್ ಮಾತಾ ಕೀ ಜೈ!" ಅಂತ ಕೂಗಿದರು. ನೋಡ್ತೀನಿ, ಮಂಚ ಖಾಲಿ! ಈ ಕಡೆಯಿಂದ ಇವರು, ಆ ಕಡೆಯಿಂದ ಇನ್ಸ್‌ಪೆಕ್ಟರು, ಇಬ್ಬರೂ ಮಂಚದ ಕೆಳಗೆ.

"ನೀವ್ಯಾಕೆ ಸಾರ್ ಇಲ್ಲಿ?" ಇವರ ದನಿ.

"ಆಗೆಲ್ಲ ಜೈಕಾರದ ಹಿಂದೇನೇ ಕಲ್ಲು ಬರ್ತಿತ್ತು ಸ್ವಾಮಿ. ನೀವು?"

"ಸೀಟಿ ಹಿಂದೇನೇ ಲಾಠಿ ಬರ್ತಿತ್ತು."

ಆಮೇಲೆ ಮಂಚವೇ ಅಲ್ಲಾಡೋ ಹಾಗೆ ಇಬ್ಬರೂ ನಕ್ಕರು. ನನಗೆ ನಗುವೂ ಬಂತು, ಅಳುವೂ ಬಂತು. ಇನ್ಸ್‌ಪೆಕ್ಟರ ಹೆಂಡತಿ ಜಾಣೆ. "ಇವರು ಎದ್ದು ಬಂದು ಮನಸ್ಸು ಬದಲಾಯಿಸೋಕೆ ಮುಂಚೆ ತಾಂಬೂಲ ಬದಲಾಯಿಸಿಬಿಡೋಣ ಬನ್ರೀ" ಅಂದರು. ಮಂಚದ ಮೇಲೆ ತಾಂಬೂಲ, ಕೆಳಗೆ ಬೀಗರು!

ಮುಂದಿನ ವಾರ ಇಬ್ಬರೂ ಜೊತೆಯಾಗಿ ಹೋಗಿ ಮದುವೆಗೆ ಛತ್ರ ಗೊತ್ತುಮಾಡಿ ಬಂದರು. ಅಡಿಗೆಮನೆ ನೋಡಲಿಲ್ಲ, ನೀರಿನ ವ್ಯವಸ್ಥೆ ಕೇಳಲಿಲ್ಲ.

"ಮತ್ತೆ ಏನು ನೋಡಿದಿರಿ?" ಅಂತ ಕೇಳಿದೆ.

"ಮಂಚ ಕಣೇ" ಅಂದರು, "ಕೆಳಗೆ ಇಬ್ಬರಿಗೂ ಧಾರಾಳವಾಗಿ ಜಾಗ ಇದೆ!"