ನಿಧಾನಿಯ ಪಿಕಪ್ ಹಗುರಾದ ದಿನ

ಗುಡ್ಡದ ಮೇಲಿನ ನೀರಿನ ಕಾರ್ಖಾನೆಯ ಮ್ಯಾನೇಜರು ಫೋನು ಮಾಡಿದಾಗ ನಿಧಾನಿ ಹಲ್ಲುಜ್ಜುತ್ತಿದ್ದ. ಮಧ್ಯಾಹ್ನದೊಳಗೆ ಪಿಕಪ್ ತೆಗೆದುಕೊಂಡು ಮೇಲಕ್ಕೆ ಬನ್ನಿ, ಇನ್ನೊಬ್ಬರೂ ಬರುತ್ತಾರೆ, ಎರಡೂ ಗಾಡಿ ನೋಡಿ ಒಂದನ್ನು ಖಾಯಂ ಮಾಡಿಕೊಳ್ಳುತ್ತೇವೆ ಎಂದರು ಅವರು. ಏನು ನೋಡುತ್ತೀರಿ ಎಂದು ಕೇಳಬೇಕಾದ ಹೊತ್ತು ಅದು. ಆದರೆ ಬಾಯಿತುಂಬ ನೊರೆ. "ಹೂಂ, ಹೂಂ" ಎಂದು ಫೋನಿಟ್ಟುಬಿಟ್ಟ.

ಅವನಿಗೆ ಆ ಹೆಸರು ಬಂದದ್ದೇ ಆ ಪಿಕಪ್ಪಿನಿಂದ. ಕಂಪನಿಯವರು ಅದೇ ಗಾಡಿಗೆ ಮೂರು ಬಗೆಯ ಎಂಜಿನ್ ಹಾಕಿ ಮಾರುತ್ತಿದ್ದರು. ಇವನು ಕೊಂಡದ್ದು ಎಲ್ಲಕ್ಕಿಂತ ಚಿಕ್ಕದು. ಸಮನೆಲದಲ್ಲಿ ಹೇಗೋ ಓಡುತ್ತಿತ್ತು. ಏರು ಕಂಡರೆ ಮಾತ್ರ ಮುದುಕರು ಮೆಟ್ಟಿಲ ಬುಡದಲ್ಲಿ ನಿಂತಂತೆ ನಿಂತು ಏದುಸಿರು ಬಿಡುತ್ತಿತ್ತು, ಡೀಸೆಲ್ಲನ್ನಂತೂ ಗಟಗಟ ಕುಡಿಯುತ್ತಿತ್ತು. ಜನ ಮನೆ ಬದಲಾಯಿಸಿದರೆ ಅವನಿಗೆ ಬಾಡಿಗೆ; ಜನರೋ ಇದ್ದಲ್ಲೇ ಸುಖವಾಗಿದ್ದರು.

ಖಾಯಂ ಕೆಲಸ ಸಿಗದಿದ್ದರೆ ಅವನು ಮಾವನ ವೆಲ್ಡಿಂಗ್ ಶೆಡ್ಡಿಗೆ ಸೇರಬೇಕೆಂದು ಹೆಂಡತಿ ಆಗಲೇ ತೀರ್ಮಾನ ಕೊಟ್ಟಾಗಿತ್ತು. ಮಾವ ಕೆಟ್ಟವರಲ್ಲ. ಆದರೆ ಒಂದು ಕೊಳವೆ ಸೊಟ್ಟಗೆ ಹಿಡಿದರೆ ದಿನವಿಡೀ ಅದರ ಬಗ್ಗೆ ಮಾತಾಡುವವರು. ಬೆಳಗಿನಿಂದ ಸಂಜೆಯವರೆಗೆ ಆ ಶೆಡ್ಡಿನಲ್ಲಿ ಅವರ ಎದುರು ನಿಲ್ಲುವುದನ್ನು ನೆನೆದರೇ ನಿಧಾನಿಗೆ ಜೀವ ಬಾಯಿಗೆ ಬರುತ್ತಿತ್ತು.

ಹೊರಗೆ ಬಂದು ವಿಷಯ ಹೇಳಿದ್ದೇ ತಡ, ಎದುರುಮನೆಯ ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಬಂದ. ಮ್ಯಾನೇಜರಿಗೆ ನಂಬರು ಕೊಟ್ಟದ್ದೇ ತಾನಂತೆ. ಅವರು ಮೊನ್ನೆ ಕಟಿಂಗಿಗೆ ಬಂದವರು ಕನ್ನಡಿಯಲ್ಲಿ ಈ ಪಿಕಪ್ ನೋಡಿ, ಇದು ಯಾರದು ಎಂದು ಕೇಳಿದ್ದರಂತೆ. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರೂ ಕಾಫಿ ಲೋಟದ ಸಮೇತ ಬಂದರು. ಗುಡ್ಡದ ಮೇಲಕ್ಕೆ ಕರೆದಿದ್ದಾರೆಂದರೆ ಏರು ಹತ್ತಿಸಿ ನೋಡುವುದಕ್ಕೇ ಎಂದು ಮೂವರೂ ನಿರ್ಧರಿಸಿದರು. ಬರುವ ಇನ್ನೊಬ್ಬ ಯಾರೆಂಬುದರಲ್ಲೂ ಅನುಮಾನವಿರಲಿಲ್ಲ. ಅದೇ ಕಂಪನಿಯ ದೊಡ್ಡ ಎಂಜಿನ್ನಿನ ಪಿಕಪ್ ಇದ್ದದ್ದು ಪಕ್ಕದ ಬೀದಿಯ ಮೀಸೆಯವನಿಗೆ.

ಡ್ರೈವರು ಬಾನೆಟ್ ಎತ್ತಿಸಿ ಏರ್ ಫಿಲ್ಟರ್ ಹೊರಗೆ ತೆಗೆಸಿದರು. ಕೊಡವಿದರೆ ಗಿರಣಿಯಲ್ಲಿ ಹಿಟ್ಟು ಹಾರಿದಂತೆ ಧೂಳು. ಮೂಗು ಕಟ್ಟಿದವನನ್ನು ಓಡು ಅಂದರೆ ಹೇಗೆ ಓಡಿಯಾನು ಎಂದು ಅವರು ಪಿಕಪ್ಪಿನ ಪರವಾಗಿ ನಿಧಾನಿಯನ್ನು ಬೈದರು. ಚಕ್ರಗಳಿಗೆ ಸರಿಯಾಗಿ ಗಾಳಿ ತುಂಬಿಸಿದರು. ಆಕ್ಸಿಲರೇಟರನ್ನು ತೊಟ್ಟಿಲು ತೂಗುವಷ್ಟು ಹಗುರವಾಗಿ ಒತ್ತಬೇಕು, ಮಗು ಏಳಬಾರದು ಎಂದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಕತೆ ಮುಗಿದು ನಿಧಾನಿ ಉದ್ಧಾರವಾಗಿರುತ್ತಿದ್ದ. ಆದರೆ ಕ್ಷೌರಿಕನಿಗೂ ಏನಾದರೂ ಮಾಡಬೇಕಲ್ಲ. ಭಾರ ಇಳಿಸಿದರೆ ಗಾಡಿ ತಾನೇ ಹಾರುತ್ತದೆ ಎಂದು ಅವನು ಸ್ಪಾನರ್ ಹಿಡಿದ. ಸ್ಟೆಪ್ನಿ ಇಳಿಯಿತು. ಜಾಕು, ಹಗ್ಗ, ಪಕ್ಕದ ಸೀಟು ಇಳಿದವು. ನಿಧಾನಿಯ ಹೊಟ್ಟೆಯನ್ನೊಮ್ಮೆ ನೋಡಿ ನಿಟ್ಟುಸಿರಿಟ್ಟು, ಕೊನೆಗೆ ತಲೆಗೂದಲನ್ನಾದರೂ ಇಳಿಸೋಣವೆಂದು ಮೆಷಿನ್ ಆಡಿಸಿಯೇಬಿಟ್ಟ.

ಉಳಿದದ್ದು ಪಂಜರ. ಅದು ಮಾವ ಸ್ವಂತ ಕೈಯಿಂದ ಮಾಡಿ ಹಿಂಭಾಗದ ಮೇಲೆ ಕೂರಿಸಿದ್ದ, ಆಳೆತ್ತರದ ಗಟ್ಟಿ ಕಬ್ಬಿಣದ ಕಟಕಟೆ. ಆನೆ ಸಾಗಿಸಿದರೂ ಅಲುಗಬಾರದು ಎಂದು ಮಾಡಿದ್ದರು. ಹೆಚ್ಚುಕಡಿಮೆ ಆನೆಯಷ್ಟೇ ಭಾರವೂ ಇತ್ತು. ಅದನ್ನು ಬಿಚ್ಚುವ ಆಸೆ ನಿಧಾನಿಗೆ ಎಂದಿನಿಂದಲೋ ಇತ್ತು, ಧೈರ್ಯ ಇರಲಿಲ್ಲ.

ಹೆಂಡತಿ ಬಾಗಿಲಿಗೆ ಬಂದಳು. "ರೀ, ಅಪ್ಪ ನೋಡಿದ್ರೆ ಏನಂದ್ಕೋತಾರೆ?"

"ಸಂಜೆ ವಾಪಸ್ ಕೂರಿಸಿದ್ರಾಯ್ತು ಕಣೇ. ಅವರಿಗೆ ಗೊತ್ತೇ ಆಗಲ್ಲ."

ಬೋಲ್ಟುಗಳು ಬಿಚ್ಚಿಕೊಂಡವು. ಬೀದಿಯವರೆಲ್ಲ ಕೈಹಾಕಿ ಪಂಜರವನ್ನು ಇಳಿಸಿ ರಸ್ತೆ ಬದಿಗಿಟ್ಟರು. ನಿಧಾನಿ ಹೊರಡುವಷ್ಟರಲ್ಲಿ ಕ್ಷೌರಿಕ ತನ್ನ ಒದ್ದೆ ಟವೆಲ್ಲುಗಳನ್ನು ಅದರ ಮೇಲೆ ಹರವುತ್ತಿದ್ದ.

ಗುಡ್ಡದ ರಸ್ತೆಯಲ್ಲಿ ನಡೆದದ್ದನ್ನು ನಿಧಾನಿ ಇವತ್ತಿಗೂ ನೆನೆದು ಹಿಗ್ಗುತ್ತಾನೆ. ಪಿಕಪ್ ಎಳೆಗರುವಿನಂತೆ ನೆಗೆಯಿತು. ಪ್ರತಿ ಉಬ್ಬಿಗೂ ಅವನ ಬೋಳುತಲೆ ಮೇಲಿನ ತಗಡಿಗೆ ಬಡಿಯಿತು, ಅವನಿಗೆ ಅದೂ ಹಿತವಾಗಿಯೇ ಇತ್ತು. ಯಾವಾಗಲೂ ಎಂಜಿನ್ ಕೈಕೊಡುತ್ತಿದ್ದ ಕಡಿದಾದ ತಿರುವಿನಲ್ಲಿ ಗೇರ್ ಬದಲಾಯಿಸುವ ಕೆಲಸವೇ ಬೀಳಲಿಲ್ಲ. ಡೀಸೆಲ್ ಮುಳ್ಳು ಹೊರಟಲ್ಲೇ ಇತ್ತು. ತೊಟ್ಟಿಲು ತೂಗುತ್ತ ತೂಗುತ್ತ ಅವನು ಜೋಗುಳವನ್ನೂ ಹಾಡಿಬಿಟ್ಟ. ಇಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಮ್ಯಾನೇಜರು ಗಾಡಿಯ ಸುತ್ತ ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ನಿಧಾನಿ ಮೈಲೇಜಿನ ವಿಷಯ ಹೇಳತೊಡಗಿದ. ಅವರ ಗಮನ ಅತ್ತ ಇರಲಿಲ್ಲ.

"ಕಟಿಂಗ್ ಅಂಗಡಿ ಎದುರು ನಿಲ್ತಿದ್ದದ್ದು ಇದೇ ಗಾಡೀನಾ?"

"ಇದೇ ಸಾರ್."

"ಅದಕ್ಕೊಂದು ಪಂಜರ ಇತ್ತಲ್ರೀ?"

ಬಿಚ್ಚಿಟ್ಟು ಬಂದೆನೆಂದು ನಿಧಾನಿ ಒಪ್ಪಿಕೊಂಡ. ಮ್ಯಾನೇಜರು ಬೇಸರದಿಂದಲೇ ವಿವರಿಸಿದರು. ಇಲ್ಲಿಗೆ ಬರುವಾಗ ಖಾಲಿ ಕ್ಯಾನುಗಳು, ಅವಕ್ಕೆ ಯಾವ ಎಂಜಿನ್ನಾದರೂ ಸಾಕು. ಇಳಿಯುವಾಗ ನೀರು ತುಂಬಿದ ಕ್ಯಾನುಗಳು, ಒಂದರ ಮೇಲೊಂದು. ಹಿಂದಿನ ಗಾಡಿಯವನು ತಿರುವಿನಲ್ಲಿ ಅರ್ಧ ಲೋಡನ್ನು ಕಣಿವೆಗೆ ಉರುಳಿಸಿದ್ದ. ಅದಕ್ಕೇ ಗಟ್ಟಿ ಪಂಜರದ ಗಾಡಿ ಹುಡುಕುತ್ತಿದ್ದರು. ಆ ಕಬ್ಬಿಣದ ಕೆಲಸ ಕನ್ನಡಿಯಲ್ಲಿ ಕಂಡದ್ದಕ್ಕೇ ನಿಧಾನಿಯನ್ನು ಕರೆಸಿದ್ದು. ಇನ್ನೊಬ್ಬನಿಗೆ ಹೇಳಿದ್ದು ಸುಮ್ಮನೆ ಲೆಕ್ಕಕ್ಕೆ.

"ಈಗಲೇ ಹೋಗಿ ಹಾಕ್ಕೊಂಡು ಬರ್ತೀನಿ ಸಾರ್" ಎಂದು ನಿಧಾನಿ ಗಾಡಿಗೆ ಹತ್ತುವಷ್ಟರಲ್ಲಿ ಮೀಸೆಯವನ ಪಿಕಪ್ ಗುಡುಗುತ್ತ ಗೇಟಿನೊಳಗೆ ಬಂತು. ಅದರ ಹಿಂಭಾಗದ ಮೇಲೆ ಪಂಜರ. ಪಂಜರದ ಮೂಲೆಯಲ್ಲಿ ಕ್ಷೌರಿಕನ ಒಂದು ಟವೆಲ್ ಇನ್ನೂ ಒಣಗುತ್ತಿತ್ತು. ಪಕ್ಕದ ಸೀಟಿನಲ್ಲಿ ಮಾವ.

ಆದದ್ದು ಇಷ್ಟೇ. ಮಗಳನ್ನು ನೋಡಲು ಬಂದ ಮಾವನಿಗೆ ತಾವು ಮಾಡಿದ ಪಂಜರ ಬೀದಿಯಲ್ಲಿ ಟವೆಲ್ ಹೊದ್ದು ನಿಂತಿದ್ದು ಕಂಡಿತ್ತು. ಅದೇ ಹೊತ್ತಿಗೆ ಮೀಸೆಯವನು ಮ್ಯಾನೇಜರನ್ನು ಕಾಣುವ ಮುಂಚೆ ಮೀಸೆ ತೀಡಿಸಿಕೊಳ್ಳಲು ಬಂದಿದ್ದ. ಇದು ಯಾರಿಗೂ ಬೇಡವೇ ಎಂದು ಅವನು ಕೇಳಿದ. ಬೆಲೆ ಗೊತ್ತಿಲ್ಲದವರ ಮನೆಯಲ್ಲಿ ಇದು ಇರುವುದು ಬೇಡ, ನೀನೇ ಇಟ್ಟುಕೋ ಎಂದು ಮಾವ ಅಲ್ಲೇ ಕೂರಿಸಿಕೊಟ್ಟರು. ಅದೇ ಕಂಪನಿಯ ಗಾಡಿ, ತೂತುಗಳೆಲ್ಲ ಸರಿಯಾಗಿ ಹೊಂದಿಕೊಂಡವು. ಬೋಲ್ಟು ಸಡಿಲವಾದೀತೆಂದು ಜೊತೆಗೆ ತಾವೂ ಹೊರಟರು.

ಮ್ಯಾನೇಜರು ಪಂಜರವನ್ನು ಕೈಯಿಂದ ಅಲುಗಿಸಿ ನೋಡಿದರು. ಅಲುಗಲಿಲ್ಲ. ಅಲ್ಲೇ ಮೀಸೆಯವನ ಕೈ ಕುಲುಕಿದರು. ಅವನ ಗಾಡಿಗೆ ನೀರಿನ ಕ್ಯಾನುಗಳು ಏರತೊಡಗಿದವು.

ಇಳಿಯುವಾಗ ಮಾವ ಅಳಿಯನ ಗಾಡಿಗೇ ಬಂದರು. ಸೀಟು ಇರಲಿಲ್ಲ. ಕಾರ್ಖಾನೆಯವರು ಕೊಟ್ಟ ಒಡಕು ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು. ನಿಧಾನಿಗೆ ಅಳು ಬರುವಂತಾಗಿತ್ತು. ಮಾವ ಅವನ ಬೋಳುತಲೆಯನ್ನು ಎರಡು ಸಲ ನೋಡಿ, ಕೇಳುವುದು ಬೇಡವೆಂದುಕೊಂಡು ಬೇರೆ ಮಾತು ತೆಗೆದರು. ಮ್ಯಾನೇಜರು ಕಾರ್ಖಾನೆಯ ಉಳಿದ ಗಾಡಿಗಳಿಗೂ ಅಂಥದೇ ಪಂಜರ ಬೇಕೆಂದಿದ್ದಾರಂತೆ. ಶೆಡ್ಡಿನಲ್ಲಿ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ಕೊಳವೆ ಹಿಡಿಯಲು ಇನ್ನೊಬ್ಬರು ಬೇಕು.

ನಿಧಾನಿ ಬೇಕಿಲ್ಲದಿದ್ದರೂ ಒಮ್ಮೆ ಗೇರ್ ಬದಲಾಯಿಸಿದ.

"ಅದಿರಲಿ, ಅಳಿಯಂದ್ರೇ" ಎಂದು ಮಾವ ಬಕೆಟ್ಟಿನ ಮೇಲೆ ಸರಿಯಾಗಿ ಕೂತರು. "ಇಷ್ಟೆಲ್ಲಾ ಬಿಚ್ಚಿದ್ದಕ್ಕೆ ಮೈಲೇಜ್ ಏನಾದ್ರೂ ಜಾಸ್ತಿ ಆಯ್ತಾ?"

"ತುಂಬಾ ಜಾಸ್ತಿ ಆಯ್ತು, ಮಾವ."

"ಒಳ್ಳೇದಾಯ್ತು ಬಿಡಿ. ನಾಳೆಯಿಂದ ದಿನಾ ಶೆಡ್ಡಿಗೆ ಓಡಾಡಬೇಕಲ್ಲ."