ಗಜೇಂದ್ರಗಡದಲ್ಲಿ ನಡೆಯದ ಒಲಿಂಪಿಕ್

1916ರ ಒಲಿಂಪಿಕ್ ಕ್ರೀಡಾಕೂಟವು ಬರ್ಲಿನ್ನಿನಲ್ಲಿ ನಡೆಯಲಿಲ್ಲ. ಯುದ್ಧದಿಂದ ರದ್ದಾಯಿತು. ಆದರೂ ಅದಕ್ಕೆ ಆರನೆಯ ಒಲಿಂಪಿಕ್ ಎಂಬ ನಂಬರು ಇಂದಿಗೂ ಇದೆ. ಈ ಸಂಗತಿಯನ್ನು ಗಜೇಂದ್ರಗಡದ ನಮ್ಮ ಕ್ರೀಡಾಭಿವೃದ್ಧಿ ಸಮಿತಿಗೆ ತಿಳಿಸಿದವರು ಅಧ್ಯಕ್ಷ ಮುತ್ತಣ್ಣನವರು. ಕಾರ್ಯದರ್ಶಿ ನಾನೇ ಆದ್ದರಿಂದ ಮುಂದಿನದೆಲ್ಲ ಅಧಿಕೃತವೆಂದು ತಿಳಿಯತಕ್ಕದ್ದು.

"ಅಥೆನ್ಸ್, ಪ್ಯಾರಿಸ್, ಲಂಡನ್ ಎಲ್ಲಾ ಆಟಾ ನಡಸಿ ಸುಸ್ತಾಗ್ಯಾವ್ರಿ," ಅಂದರು ಅಧ್ಯಕ್ಷರು. "ಬರ್ಲಿನ್ ಆ ವರ್ಷ ನಡಸದನ ನಂಬರ್ ಹೊಡೀತು. ನಾವೂ ನಡಸೂದು ಬ್ಯಾಡ. ಚಲೋತ್ನಂಗ ರದ್ದು ಮಾಡೋಣು."

ಠರಾವು ಸರ್ವಾನುಮತದಿಂದ ಪಾಸಾಯಿತು. ರದ್ದು ಮಾಡಲು ಸಮಾರಂಭ ಬೇಕು, ಸಮಾರಂಭಕ್ಕೆ ವೇದಿಕೆ ಬೇಕು, ವೇದಿಕೆಗೆ ಗುತ್ತಿಗೆದಾರ ಬೇಕು. ಗುತ್ತಿಗೆದಾರ ಅಧ್ಯಕ್ಷರ ಅಳಿಯ ಎಂಬುದರಲ್ಲಿ ತಪ್ಪೇನಿಲ್ಲ. ಆ ಮದುವೆ ಸಮಿತಿ ಹುಟ್ಟುವ ಮೊದಲೇ ಆಗಿತ್ತು.

ಸುದ್ದಿ ತಿಳಿದು ರೋಣದಿಂದ ಟಿಪ್ಪುಸಾಬ ಎಂಬ ಮುಖಂಡರು ತಕರಾರು ತಂದರು. "ನಾವು ಮೊದಲ್ನೇ ಒಲಿಂಪಿಕ್ ಆದ 1896ರಿಂದನೂ ನಡಸಿಲ್ರಿ. ಹಿರೇತನ ನಮ್ಮದು." ಮಾತು ಖರೇನೇ ಇತ್ತು. ಹಾಗಾಗಿ ಮ್ಯಾರಥಾನ್ ನಡೆಸದಿರುವ ಗೌರವ ರೋಣಕ್ಕೆ, ಕುಸ್ತಿಯದು ನರಗುಂದಕ್ಕೆ, ಈಜಿನದು ನೀರೇ ಇಲ್ಲದ ಮುಶಿಗೇರಿಗೆ ಹೋಯಿತು. ಹೊಳೆಮಣ್ಣೂರಿನವರು ದೋಣಿ ಸ್ಪರ್ಧೆ ಕೇಳಿದರು, ಕೊಡಲಿಲ್ಲ. ಮಲಪ್ರಭೆ ಏರಿ ಬಂದರೆ ಅಲ್ಲಿ ಅದು ನಡೆದೇಬಿಡುವ ಅಪಾಯವಿದೆ.

ಮುಖ್ಯ ಕ್ರೀಡಾಂಗಣವೆಂದು ನೇಕಾರ ಓಣಿಯ ಬಯಲನ್ನು ವಶಪಡಿಸಿಕೊಂಡೆವು. ಫಲಕ ನೆಟ್ಟೆವು: 'ಈ ಸ್ಥಳದಲ್ಲಿ ಒಲಿಂಪಿಕ್ ನಡೆಯುವುದಿಲ್ಲ. ಬೇರೆ ಏನೂ ನಡೆಯತಕ್ಕದ್ದಲ್ಲ.'

ಮರುದಿನವೇ ಗಾಳೆವ್ವ ಕಚೇರಿಗೆ ಬಂದಳು. ಮಗ್ಗಕ್ಕೇರಿಸುವ ಮೊದಲು ಸೀರೆಯ ಉದ್ದೆಳೆಗಳನ್ನು, ಅಂದರೆ ಹಾಸನ್ನು, ಆ ಬಯಲಿನಲ್ಲಿ ಬಿಗಿದು ಗಂಜಿ ಹಚ್ಚುವವಳು ಅವಳು.

"ಮಗಳು ಮಹೇಶ್ವರಿದು ಲಗ್ನ ಐತ್ರಿ. ನಮ್ಮ ಮನ್ಯಾಗ ಮದುಮಗಳು ತಾಯಿ ನೇದ ಸೀರೀನ ಉಟ್ಟು ಅಕ್ಕಿಕಾಳಿಗೆ ನಿಂದರತಾಳ. ಹಾಸು ಎಲ್ಲಿ ಹಾಕ್ಲಿ?"

"ಬಯಲು ಒಲಿಂಪಿಕ್‌ಗೆ ಹೋಗೇತಿ, ಗಾಳೆವ್ವ."

"ಆಟ ನಡಿಯೂದಿಲ್ಲಂತಲ್ರಿ?"

"ನಡೀದ ಇರಾಕೂ ಒಂದು ಜಾಗಾ ಬೇಕಲ್ಲಬೇ."

ನನಗೆ ಭಾಳ ಕೆಟ್ಟನಿಸಿತು. ಕೆಟ್ಟನಿಸಿದರೆ ಏನು ಮಾಡಬೇಕೆಂದು ನಿಯಮದಲ್ಲಿ ಇಲ್ಲದ್ದರಿಂದ ಚಹಾ ತರಿಸಿದೆ. ಗಾಳೆವ್ವ ಕುಡಿದು ಕಪ್ಪು ಕೆಳಗಿಟ್ಟಳು.

"ಹಂಗಾರ ನಾನೂ ಅಲ್ಲಿ ಹಾಸು ಹಾಕೂದಿಲ್ಲ ಅಂತ ಬರಕೋರಿ."

ಬರೆದುಕೊಂಡೆ.

ರದ್ದತಿ ಸಮಾರಂಭದ ಬೆಳಿಗ್ಗೆ ಮುಖ್ಯ ಅತಿಥಿಗಳೊಡನೆ ಹೋದರೆ, ಬಯಲಿನ ಆ ಗೋಡೆಯಿಂದ ಈ ಗೋಡೆಯವರೆಗೆ ಕೆಂಪು ಹಾಸು ಬಿಗಿದಿತ್ತು. ವೇದಿಕೆ ಅದರಾಚೆ. ತಾಯಿ-ಮಗಳು ತಲೆ ಎತ್ತದೆ ಗಂಜಿ ಹಚ್ಚುತ್ತಿದ್ದರು.

"ಇದೇನ್ರಿ ಇದು?" ಅಂದರು ಅಧ್ಯಕ್ಷರು.

"ಕಡತದ ಪ್ರಕಾರ ಇಲ್ಲಿ ಹಾಸು ಇಲ್ರಿ," ಅಂದೆ ನಾನು.

"ಇಲ್ಲಂದ್ರ ದಾಟ್ರಿ ನೋಡೋಣು."

ನಾನು ದಾಟಲಿಲ್ಲ. ಬಿಗಿದ ಹಾಸನ್ನು ನಮ್ಮೂರಲ್ಲಿ ಯಾರೂ ದಾಟುವುದಿಲ್ಲ. ಅಧ್ಯಕ್ಷರೂ ಮಗ್ಗದ ಮನೆಯಲ್ಲೇ ಹುಟ್ಟಿದವರು; ಎತ್ತಿದ ಕಾಲನ್ನು ಹಿಂದಕ್ಕಿಟ್ಟು ಚಪ್ಪಲಿ ಬಿಟ್ಟು ನಿಂತರು. ಹೀಗಾಗಿ ರದ್ದತಿ ನಡೆಯಲಿಲ್ಲ.

ಆಗ ಮುಖ್ಯ ಅತಿಥಿಗಳಿಗೆ ದಿಗಿಲಾಯಿತು. ರದ್ದಾಗದಿದ್ದರೆ ಒಲಿಂಪಿಕ್ ನಡೆಸಬೇಕಾಗುತ್ತದೆ. "ಓಡಾವ್ರು ಯಾರ್ರಿ?" ಎಂದು ಕೇಳಿ ನಮ್ಮೆಲ್ಲರ ಹೊಟ್ಟೆ ನೋಡಿದರು.

ಅಧ್ಯಕ್ಷರು ವಿಚಾರ ಮಾಡಿದರು. "ನಡೀದ ಆಟಕ್ಕ ನಂಬರ್ ಇತ್ತಂದ್ರ, ನಡೀದ ರದ್ದತಿಗೂ ಇರಬೇಕ್ರಿ." ಎಲ್ಲರೂ ಒಪ್ಪಿದೆವು. ಹಾಸಿನ ಈಚೆ ನಿಂತೇ ಚಪ್ಪಾಳೆ ತಟ್ಟಿ, ಹಾರ ಹಾಕಿಕೊಂಡು ಮನೆಗೆ ಹೋದೆವು.

ಮದುವೆಗೆ ಇಡೀ ಸಮಿತಿ ಹೋಗಿತ್ತು. ಕಡತದಲ್ಲಿಲ್ಲದ ಹಾಸಿನಿಂದ ನೇದ ಕೆಂಪು ಸೀರೆಯುಟ್ಟು ಮಹೇಶ್ವರಿ ಅಕ್ಕಿಕಾಳಿಗೆ ನಿಂತಾಗ ನನ್ನ ಕಣ್ಣು ತುಂಬಿಬಂದವು. ಈ ಕಾರ್ಯವನ್ನೂ ಸಮಿತಿಯ ಸಾಧನೆಗೆ ಸೇರಿಸಿ ನಂಬರ್ ಕೊಡಬಹುದೇ ಎಂದು ಅಧ್ಯಕ್ಷರ ಕಿವಿಯಲ್ಲಿ ಕೇಳಿದೆ.

"ಬರೂದಿಲ್ರಿ," ಅಂದರು ಅವರು ಖೇದದಿಂದ. "ಇದು ನಡದೇಬಿಟ್ತಲ್ಲ."

ಗಾಳೆವ್ವನಿಗೆ ಅದು ಕೇಳಿಸಿತು. "ಇರ್ಲಿ ಬಿಡ್ರಿ. ಊಟಾನೂ ನಡದೈತಿ, ಪಂಗ್ತಿಗೆ ಕುಂದರ್ರಿ," ಅಂದಳು.

ಸಮಿತಿ ಸರ್ವಾನುಮತದಿಂದ ಕೂತಿತು.