ಆಫ್ರಿಕಾದ ಹೆಂಗಸರೂ ನಮ್ಮ ಭಾವನೂ

ನಮ್ಮ ಭಾವನಿಗೆ ಶಿಕಾರಿಪುರದ ಗಂಡಸರಿಗಿಂತ ಆಫ್ರಿಕಾದ ಹೆಂಗಸರ ಪರಿಚಯವೇ ಹೆಚ್ಚು ಎಂದರೆ ದಯವಿಟ್ಟು ತಪ್ಪು ತಿಳಿಯಬೇಡಿ. ಮನುಷ್ಯ ಅಪ್ಪಟ ಸಂಭಾವಿತ. ನನ್ನ ಅಕ್ಕನ ಗಂಡ, ಇಂಗ್ಲಿಷ್ ಮೇಷ್ಟ್ರು. ಆಫ್ರಿಕಾದ ಲೇಖಕಿಯರ ಕಾದಂಬರಿಗಳಲ್ಲಿ ಬರುವ ‘ಟ್ರಾಮಾ’, ಅಂದರೆ ಮನಸ್ಸಿಗೆ ಬಿದ್ದ ಆಘಾತ, ಅದರ ಮೇಲೆ ಎಂಟು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದರು. ಊರವರ ಬಾಯಲ್ಲಿ ‘ಆಫ್ರಿಕಾ ಮೇಷ್ಟ್ರು’. ಪಾಸ್‌ಪೋರ್ಟು ಕೂಡ ಇಲ್ಲದ ಮನುಷ್ಯ ರೀ!

ಮನೆ ಶಿಕಾರಿಪುರದಲ್ಲಿ, ಕಾಲೇಜು ಸೊರಬದಲ್ಲಿ. ಹಾಗಾಗಿ ಓದೆಲ್ಲ ಬಸ್ಸಿನಲ್ಲೇ. ಓದಿದರೆ ತೊಂದರೆಯಿಲ್ಲ, ಓದುತ್ತಾ ಅಳುತ್ತಾರೆ! ಒಂದು ಬೆಳಿಗ್ಗೆ ಆ ದೊಡ್ಡ ಮೀಸೆಯ ಮೇಲೆ ಧಾರಾಕಾರವಾಗಿ ಕಣ್ಣೀರು. ಕಂಡಕ್ಟರು ಗಾಬರಿಯಾಗಿ ಟಿಕೆಟ್ ಕೊಡುವುದನ್ನೇ ನಿಲ್ಲಿಸಿದ.

“ಸಾರ್, ಯಾರು ಹೋದ್ರು?”

“ಇವಳ ಗಂಡ,” ಎಂದರು ಭಾವ, ಕೈಯಲ್ಲಿದ್ದ ಕಾದಂಬರಿ ತೋರಿಸಿ ಬಿಕ್ಕುತ್ತಾ. “ಯುದ್ಧದಲ್ಲಿ.”

“ಅಯ್ಯೋ ಪಾಪ, ಯಾವೂರ್ರೀ?” ಎಂದು ಹಿಂದಿನ ಸೀಟಿನ ಅಜ್ಜಿ ಕೇಳಿದಳು.

“ಲಾಗೋಸ್ ಹತ್ರದ ಒಂದು ಹಳ್ಳಿ.”

“ಲಾಗೋಸಾ? ಆನವಟ್ಟಿ ದಾಟಿದ ಮೇಲೆ ಬರುತ್ತಾ?”

ಭಾವ ಮೂಗೊರೆಸಿಕೊಂಡು ಮುಂದಿನ ಪುಟ ತಿರುಗಿಸಿದರು. ಸೊರಬ ಬರುವಷ್ಟರಲ್ಲಿ ಇಡೀ ಬಸ್ಸು ಆ ವಿಧವೆಗಾಗಿ ಮರುಗಿತ್ತು. ಅಜ್ಜಿ ಇಳಿಯುವಾಗ ಎರಡು ಬಾಳೆಹಣ್ಣು ಕೈಗಿಟ್ಟು, “ಆ ಹುಡುಗಿಗೆ ಧೈರ್ಯ ಹೇಳ್ರೀ” ಎಂದಳಂತೆ. ಹಣ್ಣು ತಿಂದವರು ಯಾರು ಅಂತೀರಾ? ಲಾಗೋಸಿಗಂತೂ ತಲುಪಲಿಲ್ಲ!

ಅದುಮಿಟ್ಟ ನೋವನ್ನು ಮಾತಾಗಿಸಬೇಕು ಎನ್ನುವುದು ಭಾವನ ಸಿದ್ಧಾಂತ. ಅದನ್ನು ಕಂಡಕಂಡವರ ಮೇಲೆ ಪ್ರಯೋಗಿಸುವುದು ಅವರ ಚಟ. ಉಳವಿಯಲ್ಲಿ ಅವರ ಸೋದರಮಾವನ ಮನೆಗೆ ಹೋದಾಗ, ಊಟಕ್ಕೆ ಕೂತ ಆ ಮುದುಕರನ್ನೇ ಹಿಡಿದುಕೊಂಡರು.

“ಮಾವ, ಇಷ್ಟು ವರ್ಷ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡ ನೋವು ಅಂತ ಏನಾದ್ರೂ ಇದೆಯಾ?”

ಮುದುಕರು ತುತ್ತು ಕೆಳಗಿಟ್ಟು ಶುರು ಮಾಡಿದರು ನೋಡಿ! ಗದ್ದೆಯ ಪಹಣಿಯಲ್ಲಿ ತಮ್ಮ ಅಪ್ಪನ ಹೆಸರು ತಪ್ಪಾಗಿ ಕೂತ ಕಥೆ. ಎರಡು ಗಂಟೆ! ಭಾವ ಭಕ್ತಿಯಿಂದ ಟಿಪ್ಪಣಿ ಬರೆದುಕೊಂಡರು. ಕೊನೆಗೆ ಮುದುಕರು ಕೈ ತೊಳೆದು, “ಎದೆ ಹಗುರಾಯ್ತು ಕಣೋ. ಎಲ್ಲಾ ಬರ್ಕಂಡಿದೀಯಲ್ಲ, ಇನ್ನು ತಾಲೂಕು ಆಫೀಸಿಗೆ ನೀನೇ ಓಡಾಡು” ಎಂದರು. ಭಾವ ಆರು ತಿಂಗಳು ಓಡಾಡಿದರು. ಸಿದ್ಧಾಂತಕ್ಕೂ ಒಂದು ದಕ್ಷಿಣೆ ಬೇಡವೇ?

ಅಂತೂ ಇಂತೂ ಪ್ರಬಂಧ ಮುಗಿಯಿತು. ಸಲ್ಲಿಸುವ ಕೊನೆಯ ದಿನ ಬೆಳಿಗ್ಗೆ, ಬೈಂಡಿಂಗ್ ಆದ ಪ್ರತಿಗಳನ್ನು ತರಲು ಪೇಟೆಗೆ ಭಾವನ ಜೊತೆ ನಾನೂ ಹೋದೆ. ಬೈಂಡಿಂಗ್ ಸಾಹೇಬರು ನಮ್ಮಪ್ಪನ ಕಾಲದಿಂದಲೂ ಪರಿಚಿತರು, ಹೊಲಿಗೆಯೆಂದರೆ ಹೊಲಿಗೆ. ಕಪ್ಪು ರಟ್ಟಿನ ಮೇಲೆ ಚಿನ್ನದ ಅಕ್ಷರ ಥಳಥಳ. ಆದರೆ ಏಳೂ ಪ್ರತಿಗಳ ಮೇಲೆ ‘ಟ್ರಾಮಾ’ ಇರಬೇಕಾದ ಕಡೆ ‘ಡ್ರಾಮಾ’!

“ಫೋನಲ್ಲಿ ನೀವೇ ಹೇಳಿದ್ರಲ್ಲ ಸಾರ್, ಡ್ರಾಮಾ ಅಂತ?”

“ನಾನು ಹೇಳಿದ್ದು ಟ್ರಾಮಾ ಸಾಹೇಬ್ರೇ! ಟ್ರಾಮಾ ಅಂದ್ರೆ ಆಘಾತ!”

ಸಾಹೇಬರು ಭಾವನ ಬೆಳ್ಳಗಾದ ಮುಖ ನೋಡಿ, “ಈಗ ಆಯ್ತಲ್ಲ ಸಾರ್” ಎಂದರು.

ಪುಣ್ಯಾತ್ಮರು, ತಿಂಡಿಯನ್ನೂ ತಿನ್ನದೆ ಏಳು ಹೊಸ ರಟ್ಟು ಹಾಕಿ ಮಧ್ಯಾಹ್ನದೊಳಗೆ ಕೊಟ್ಟರು. ನಾನು ಬೈಕಿನಲ್ಲಿ ಭಾವನನ್ನು ಕೂರಿಸಿಕೊಂಡು ಹಾರಿದೆ. ವಿಶ್ವವಿದ್ಯಾಲಯದ ಗುಮಾಸ್ತರು ಬೀರು ಮುಚ್ಚುವ ಮುಂಚೆ ಒಳಗೆ ಸೇರಿಸಿದೆವು. ಉಸ್ಸಪ್ಪಾ!

ಕೆಲವು ತಿಂಗಳ ಮೇಲೆ ಮೌಖಿಕ ಪರೀಕ್ಷೆ. ಯಾರು ಬೇಕಾದರೂ ಕೂತು ಕೇಳಬಹುದು ಎಂದಿದ್ದರಿಂದ ನಾನೂ ಅಕ್ಕನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಭಾವ ಮುಕ್ಕಾಲು ಗಂಟೆ ನಿರರ್ಗಳವಾಗಿ ಮಾತಾಡಿದರು. ಪರೀಕ್ಷಕಿ ವಯಸ್ಸಾದ ಹೆಂಗಸು. ಕನ್ನಡಕ ತೆಗೆದು, ಕನ್ನಡದಲ್ಲೇ ಕೇಳಿದರು:

“ಎಲ್ಲ ಸರಿ. ಆದ್ರೆ ನೀವು ಯಾಕೆ ಈ ವಿಷಯ ಹಿಡಿದ್ರಿ?”

ಭಾವ ಬಾಯಿ ತೆರೆದರು, ಮುಚ್ಚಿದರು. ನೀರು ಕುಡಿದರು. ಮತ್ತೆ ತೆರೆದರು. ಒಂದಕ್ಷರ ಇಲ್ಲ! ಎಂಟು ವರ್ಷದ ಓದು ಇಲ್ಲೇ ಮುಗ್ಗರಿಸಿತಲ್ಲ ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿದ್ದ ಅಕ್ಕ ಎದ್ದು ನಿಂತಳು.

“ಮೇಡಂ, ನಾನು ಇವರ ಹೆಂಡ್ತಿ. ನಮಗೊಂದು ಹೆಣ್ಣುಮಗು ಹುಟ್ಟಿ ಮೂರು ದಿನ ಇತ್ತು. ಹೋದ ಮೇಲೆ ಮನೇಲಿ ಯಾರೂ ಅದರ ಮಾತೆತ್ತಲಿಲ್ಲ. ಇವ್ರೂ ಎತ್ತಲಿಲ್ಲ. ಆ ವರ್ಷಾನೇ ಈ ಪುಸ್ತಕಗಳು ಬಂದ್ವು. ನಾನು ರೊಟ್ಟಿ ತಟ್ಟುವಾಗ ಪಕ್ಕ ನಿಂತು, ಅಲ್ಲಿನ ತಾಯಂದಿರ ಕಥೆ ಹೇಳೋರು. ಅವರಿಗೋಸ್ಕರ ಅಂದ್ಕೊಂಡು ಇಬ್ಬರೂ ಅಳ್ತಿದ್ವಿ.”

ಅಷ್ಟು ಹೇಳಿ ಕೂತಳು. ಪರೀಕ್ಷಕಿ ಕಣ್ಣೊರೆಸಿಕೊಂಡು, “ಇನ್ನು ಪ್ರಶ್ನೆ ಇಲ್ಲ, ಡಾಕ್ಟರೇ” ಎಂದರು.

ಹೊರಗೆ ಬಂದ ಮೇಲೆ ಮೂವರೂ ಕಲ್ಲುಬೆಂಚಿನ ಮೇಲೆ ಕೂತೆವು. ಆ ಮೂರು ದಿನ ಆಸ್ಪತ್ರೆಗೆ ಬುತ್ತಿ ಒಯ್ದವನು ನಾನೇ. ಆದರೂ ಇಷ್ಟು ವರ್ಷ ನಾನೂ ಒಂದು ಮಾತು ಕೇಳಿರಲಿಲ್ಲ.

ಅಕ್ಕ ಭಾವನ ಕಡೆ ತಿರುಗಿ, “ಪಾಪುಗೆ ಏನು ಹೆಸರಿಡ್ಬೇಕು ಅಂತಿದ್ರಿ?” ಎಂದಳು.

ಭಾವ ತಡವರಿಸದೆ, “ಇಂಚರ” ಎಂದರು.

“ಚೆನ್ನಾಗಿದೆ. ಅದೇ ಇರ್ಲಿ,” ಎಂದ ಅಕ್ಕ, ಆ ಹೆಸರನ್ನು ಒಂದು ಸಲ ಮೆಲ್ಲಗೆ, ಇನ್ನೊಂದು ಸಲ ಕೊಂಚ ಜೋರಾಗಿ ಕರೆದಳು.